ಬೀದಿ ತಿಂಡಿಗೆಂದೇ ಪ್ರವಾಸ: ಸರಿಯಾದ ತಿಂಗಳು ಆರಿಸುವುದು ಹೇಗೆ?

ಬೀದಿ ಬದಿಯ ತಿಂಡಿ ತಿನ್ನಲೆಂದೇ ದೇಶ ಸುತ್ತಿ ಬಂದವರು ನನ್ನ ಹತ್ತಿರ ಹೇಳಿಕೊಳ್ಳುವ ಸಂಕಟ ಹೆಚ್ಚುಕಡಿಮೆ ಒಂದೇ. ‘ಎಲ್ಲರೂ ಹೋಗೋ ಸೀಸನ್ನಲ್ಲೇ ಹೋಗಿದ್ವಿ, ಆದರೂ ಅರ್ಧ ಅಂಗಡಿ ಮುಚ್ಚಿತ್ತು’ ಅನ್ನುತ್ತಾರೆ ಒಬ್ಬರು. ಇನ್ನೊಬ್ಬರಿಗೆ ಮೂರು ಸಂಜೆ ಮಳೆ. ಮತ್ತೊಬ್ಬರಿಗೆ ಸೆಕೆಗೆ ಹಸಿವೇ ಆಗಲಿಲ್ಲ. ಬಿಡಿಸಿ ಕೇಳಿದರೆ ಎಲ್ಲರೂ ಮೊದಲು ಟಿಕೆಟ್ ತೆಗೆಸಿದ್ದರು, ಉಳಿದದ್ದನ್ನೆಲ್ಲ ಆಮೇಲೆ ನೋಡಿಕೊಂಡಿದ್ದರು.

‘ಪ್ರವಾಸಕ್ಕೆ ಒಳ್ಳೆಯ ಕಾಲ’ ಎಂದು ಎಲ್ಲ ಕಡೆ ಬರೆದಿರುವುದು ಕೋಟೆ, ಕಡಲತೀರ ನೋಡುವವರ ಲೆಕ್ಕ. ಅವರಿಗೆ ಹಗಲು ಚೆನ್ನಾಗಿದ್ದರೆ ಸಾಕು. ನಮಗೆ ಬೇಕಾದದ್ದು ಒಲೆ ಉರಿಯುತ್ತಿರುವ ಹೊತ್ತು. ಆ ಹೊತ್ತಿನಲ್ಲಿ ಮಳೆ ಇದೆಯೇ, ಮಾರುವವರು ಊರಲ್ಲಿದ್ದಾರೆಯೇ, ನಾವು ಬಯಸಿದ ತಿಂಡಿ ಆ ತಿಂಗಳು ಸಿಗುತ್ತದೆಯೇ, ಇಷ್ಟು ಗೊತ್ತಾಗಬೇಕು. ಕೆಳಗಿನ ಹಂತಗಳನ್ನು ದಯವಿಟ್ಟು ಕೊಟ್ಟ ಕ್ರಮದಲ್ಲೇ ಮಾಡಿ. ಕ್ರಮ ತಪ್ಪಿದರೆ ಮಾಡಿದ ಲೆಕ್ಕವನ್ನೇ ಮತ್ತೆ ಮಾಡಬೇಕಾಗುತ್ತದೆ.

ಮೊದಲು ಕೈಗೆ ಬೇಕಾದ ಸಾಮಾನು

ಒಂದು ದೊಡ್ಡ ಹಾಳೆ ತೆಗೆದುಕೊಳ್ಳಿ. ಮೇಲೆ ಹನ್ನೆರಡು ತಿಂಗಳಿಗೆ ಹನ್ನೆರಡು ಕಂಬ ಎಳೆಯಿರಿ. ಎಡಗಡೆ ಆರು ಸಾಲು: ತಿಂಡಿ, ಗಂಟೆ, ಮಳೆ, ಸೆಕೆ ಮತ್ತು ಹೊಗೆ, ಹಬ್ಬ, ಜನಸಂದಣಿ. ಬೇಡದ ತಿಂಗಳಿಗೆ ಕೆಂಪು ಪೆನ್ನು, ಒಳ್ಳೆಯ ತಿಂಗಳಿಗೆ ಹಸಿರು ಪೆನ್ನು, ಒಂದೊಂದು.

ಮಾಹಿತಿಗೆ ನಾಲ್ಕು ಕಡೆ ನೋಡಬೇಕು. ಒಂದು, ಆ ಊರಿನ ತಿಂಗಳವಾರು ಹವಾಮಾನ ಸರಾಸರಿ. 30 ವರ್ಷಗಳ ಸರಾಸರಿಯನ್ನೇ ಹುಡುಕಿ. ಈಗ ಬಳಕೆಯಲ್ಲಿರುವುದು 1991ರಿಂದ 2020ರವರೆಗಿನದು. ಕಳೆದ ವರ್ಷ ಹೋಗಿ ಬಂದ ಗೆಳೆಯರ ಮಾತು ಒಂದು ವರ್ಷದ ಮಾತು ಅಷ್ಟೆ. ಎರಡು, ಆ ದೇಶದ ಸರ್ಕಾರಿ ರಜೆಗಳ ಪಟ್ಟಿ. ಮೂರು, ಚಾಂದ್ರಮಾನ ಹಬ್ಬಗಳ ದಿನಾಂಕ, ನೀವು ಹೋಗುವ ವರ್ಷದ್ದೇ ಆಗಬೇಕು. ನಾಲ್ಕು, ಜನ ಹಾಕಿದ ಫೋಟೋ, ವಿಡಿಯೋಗಳು. ಅವುಗಳಲ್ಲಿ ದಿನಾಂಕ ಮತ್ತು ಗಂಟೆ ಕಾಣುವಂಥವನ್ನು ಮಾತ್ರ ನಂಬಿ.

ಹಂತ 1: ತಿಂಡಿಗಳ ಪಟ್ಟಿ ಮಾಡಿ

ಊರಿನ ಹೆಸರು ಬರೆಯುವ ಮುಂಚೆ ತಿಂಡಿಗಳ ಹೆಸರು ಬರೆಯಿರಿ. ಐದರಿಂದ ಎಂಟು ಸಾಕು. ಪ್ರತಿಯೊಂದರ ಮುಂದೆ ‘ವರ್ಷವಿಡೀ’ ಅಥವಾ ‘ಕಾಲಕ್ಕೆ ಮಾತ್ರ’ ಎಂದು ಗುರುತು ಹಾಕಿ. ಪಟ್ಟಿಯಲ್ಲಿ ಕಾಲಕ್ಕೆ ಮಾತ್ರ ಸಿಗುವ ತಿಂಡಿ ಒಂದಿದ್ದರೂ ಅರ್ಧ ಕ್ಯಾಲೆಂಡರ್ ಅಲ್ಲೇ ತೀರ್ಮಾನ ಆಗುತ್ತದೆ.

ದೆಹಲಿಯ ದೌಲತ್ ಕಿ ಚಾಟ್ ತೆಗೆದುಕೊಳ್ಳಿ. ಅದು ಕಡೆದ ಹಾಲಿನ ನೊರೆ. ಚಳಿಗಾಲದ ರಾತ್ರಿಯ ತಂಪಿನಲ್ಲಿ ಮಾತ್ರ ನೊರೆ ನಿಲ್ಲುತ್ತದೆ, ಬಿಸಿಲೇರಿದರೆ ಕುಸಿದು ಹಾಲಾಗುತ್ತದೆ. ಏಪ್ರಿಲ್‌ನಲ್ಲಿ ಹೋಗಿ ಎಷ್ಟು ಗಲ್ಲಿ ಸುತ್ತಿದರೂ ಅದು ಸಿಗುವುದಿಲ್ಲ. ವಿಯೆಟ್ನಾಮಿನ ಹನೋಯ್‌ನ ‘ಕೋಮ್’ ಕೂಡ ಹಾಗೆಯೇ. ಎಳೆ ಭತ್ತವನ್ನು ಹುರಿದು ಕುಟ್ಟಿ ಮಾಡುವ ಹಸಿರು ಅವಲಕ್ಕಿ ಅದು, ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗಿನ ಶರತ್ಕಾಲದ ತಿಂಡಿ. ಥಾಯ್ಲೆಂಡಿನ ಮಾವು ಮತ್ತು ಅಂಟಕ್ಕಿ ಅನ್ನ ವರ್ಷವಿಡೀ ಸಿಕ್ಕರೂ ಹಣ್ಣು ಹದಕ್ಕೆ ಬರುವುದು ಏಪ್ರಿಲ್, ಮೇ ಹೊತ್ತಿಗೆ. ಇಸ್ತಾಂಬುಲ್‌ನಲ್ಲಿ ಪಲಮುತ್ ಮೀನು ತಿನ್ನಬೇಕೆಂದರೆ ಸೆಪ್ಟೆಂಬರ್ ಬರಲಿ. ಏಪ್ರಿಲ್ ಮಧ್ಯದಿಂದ ಆಗಸ್ಟ್ ಕೊನೆಯವರೆಗೆ ಅಲ್ಲಿ ದೊಡ್ಡ ಬಲೆಯ ಮೀನುಗಾರಿಕೆಗೆ ನಿಷೇಧ ಇರುತ್ತದೆ.

*ಎಲ್ಲರೂ ಮಾಡುವ ತಪ್ಪು:* ‘ಸಿಗುತ್ತಾ?’ ಎಂದು ಮಾತ್ರ ಕೇಳುವುದು. ‘ಯಾವಾಗ ಚೆನ್ನಾಗಿರುತ್ತೆ?’ ಎಂದು ಕೇಳಿ. ಹಣ್ಣು, ಮೀನು, ಹಸಿಕಾಳು ಇರುವ ಯಾವ ತಿಂಡಿಗಾದರೂ ಈ ಎರಡು ಪ್ರಶ್ನೆಗಳಿಗೆ ಬರುವ ಉತ್ತರ ಬೇರೆ ಬೇರೆ.

ಹಂತ 2: ಒಲೆ ಹೊತ್ತಿಸುವ ಗಂಟೆ ಬರೆದುಕೊಳ್ಳಿ

ಪ್ರತಿ ತಿಂಡಿಯ ಪಕ್ಕ ಅದು ಸಿಗುವ ಹೊತ್ತು ಬರೆಯಿರಿ. ಹನೋಯ್‌ನಲ್ಲಿ ಫೋ ಎಂಬ ನೂಡಲ್ ಸಾರು ಮುಖ್ಯವಾಗಿ ಬೆಳಗಿನ ಊಟ, ಸುಟ್ಟ ಹಂದಿಮಾಂಸ ಮತ್ತು ನೂಡಲ್‌ನ ಬುನ್ ಚಾ ಮಧ್ಯಾಹ್ನದ್ದು. ತೈವಾನಿನ ರಾತ್ರಿ ಮಾರುಕಟ್ಟೆಗಳು ಸಂಜೆ ಐದರ ಮೇಲೆ ಕಣ್ಣು ಬಿಟ್ಟು ನಡುರಾತ್ರಿವರೆಗೂ ನಡೆಯುತ್ತವೆ.

ಈ ಹಂತವನ್ನು ಬಿಟ್ಟರೆ ಮುಂದಿನ ಎರಡೂ ಹಂತ ದಂಡ. ರಾತ್ರಿ ಮಾರುಕಟ್ಟೆಯೇ ನಿಮ್ಮ ಗುರಿ ಆಗಿದ್ದರೆ ಮಧ್ಯಾಹ್ನ ಎಷ್ಟು ಬಿಸಿಲು ಎನ್ನುವುದು ದೊಡ್ಡ ವಿಷಯ ಅಲ್ಲ, ಆಗ ರೂಮಿನಲ್ಲಿ ಮಲಗಬಹುದು. ಬೆಳಗಿನ ತಿಂಡಿಯೇ ಗುರಿ ಆಗಿದ್ದರೆ ಸಂಜೆ ಮಳೆಗೆ ಹೆದರಬೇಕಿಲ್ಲ.

ಹಂತ 3: ಮಳೆಯನ್ನು ಸರಿಯಾಗಿ ಓದಿ

ಇಲ್ಲೇ ಜನ ಜಾಸ್ತಿ ಎಡವುತ್ತಾರೆ. ‘ಮಳೆಗಾಲ’ ಎಂಬ ಒಂದು ಪದ ನೋಡಿ ಐದು ತಿಂಗಳನ್ನು ಹೊಡೆದು ಹಾಕಿಬಿಡುತ್ತಾರೆ. ಮಳೆಗೆ ಮೂರು ಲೆಕ್ಕ ಇವೆ: ತಿಂಗಳಲ್ಲಿ ಎಷ್ಟು ಮಿಲಿಮೀಟರ್, ಎಷ್ಟು ದಿನ, ದಿನದ ಯಾವ ಹೊತ್ತು. ಮೂರನೆಯದು ನಮಗೆ ಎಲ್ಲಕ್ಕಿಂತ ಮುಖ್ಯ. ಆದರೆ ಕೋಷ್ಟಕಗಳಲ್ಲಿ ಅದು ಇರುವುದೇ ಕಡಿಮೆ.

ಮೆಕ್ಸಿಕೋ ನಗರದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಗಾಲ. ಆದರೂ ಬೆಳಗ್ಗೆ ಸಾಮಾನ್ಯವಾಗಿ ತಿಳಿಯಾಗಿರುತ್ತದೆ, ಮಧ್ಯಾಹ್ನದ ಮೇಲೆ ಮೋಡ ಕಟ್ಟಿ ಸುರಿಯುತ್ತದೆ. ಬೆಳಗಿನ ತಿಂಡಿಗೆ ಹೋಗುವವರಿಗೆ ಅದು ಒಳ್ಳೆಯ ಕಾಲವೇ. ಬ್ಯಾಂಕಾಕ್‌ನಲ್ಲಿ ಸೆಪ್ಟೆಂಬರ್ ಅತಿ ಹೆಚ್ಚು ಮಳೆಯ ತಿಂಗಳು, ಅದೂ ಹೆಚ್ಚಾಗಿ ಮಧ್ಯಾಹ್ನದಿಂದ ರಾತ್ರಿಯವರೆಗಿನ ಜೋರು ಮಳೆ. ಒಮ್ಮೆ ಅಲ್ಲಿ ಒಂದು ಅಂಗಡಿಯ ಸೂರಿನ ಕೆಳಗೆ ನಿಂತು ಎದುರಿನ ತಳ್ಳುಗಾಡಿಯನ್ನೇ ನೋಡುತ್ತಿದ್ದೆ. ಮೊದಲ ಹನಿ ಬಿದ್ದ ಕೂಡಲೇ ಆ ಹೆಂಗಸು ಒಲೆ ಆರಿಸಿದರು, ಕತ್ತರಿಸಿದ ಸೊಪ್ಪಿನ ಮೇಲೆ ತಟ್ಟೆ ಮುಚ್ಚಿದರು, ನೀಲಿ ಪ್ಲಾಸ್ಟಿಕ್ ಹಾಳೆಯನ್ನು ಗಾಡಿಯ ನಾಲ್ಕೂ ಮೂಲೆಗೆ ಬಿಗಿದರು. ಮುಕ್ಕಾಲು ಗಂಟೆಯ ಮೇಲೆ ಮಳೆ ನಿಂತಿತು. ಸ್ಟೂಲುಗಳನ್ನು ಬಟ್ಟೆಯಲ್ಲಿ ಒರೆಸಿ ಮತ್ತೆ ಬೆಂಕಿ ಹಚ್ಚಿದರು. ಆ ಹೊತ್ತಿನ ಮೊದಲ ತಟ್ಟೆ ನನ್ನದೇ. ಇಂಥ ಮಳೆ ಕಾಯುವ ಮಳೆ. ಅದಕ್ಕೆ ಪ್ರವಾಸ ಬಿಡಬೇಕಿಲ್ಲ.

ಬಿಡಬೇಕಾದದ್ದು ಜಡಿಮಳೆ. ಮಧ್ಯ ವಿಯೆಟ್ನಾಮಿನ ಹೋಯಿ ಆನ್, ಹುಯೇ ಕಡೆ ಅಕ್ಟೋಬರ್, ನವೆಂಬರ್‌ನಲ್ಲಿ ಹಗಲೂ ರಾತ್ರಿ ಸುರಿದು ಬೀದಿಗೆ ನೆರೆ ನೀರು ಬರುವುದುಂಟು. ಅದೇ ತಿಂಗಳಲ್ಲಿ ಅದೇ ದೇಶದ ಹನೋಯ್ ಒಣಗಿ ಹಿತವಾಗಿರುತ್ತದೆ. ಹಾಗಾಗಿ ದೇಶದ ಹೆಸರಿಗೆ ಕಾಲ ಹುಡುಕಬೇಡಿ, ಊರಿನ ಹೆಸರಿಗೆ ಹುಡುಕಿ. ಮಲೇಷ್ಯಾದಲ್ಲೂ ಹೀಗೆಯೇ. ಪೂರ್ವ ಕರಾವಳಿಯಲ್ಲಿ ನವೆಂಬರ್‌ನಿಂದ ಮಳೆ ಹಿಡಿಯುತ್ತದೆ, ಪಶ್ಚಿಮದ ಪೆನಾಂಗ್‌ನಲ್ಲಿ ಜೋರು ಮಳೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ.

ತೈವಾನಿಗೆ ಹೋಗುವವರು ಜುಲೈನಿಂದ ಸೆಪ್ಟೆಂಬರ್‌ವರೆಗಿನ ಚಂಡಮಾರುತಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಚಂಡಮಾರುತ ಬಂದರೆ ಸ್ಥಳೀಯ ಆಡಳಿತ ಶಾಲೆ, ಕಚೇರಿಗಳಿಗೆ ರಜೆ ಕೊಡುತ್ತದೆ, ರಾತ್ರಿ ಮಾರುಕಟ್ಟೆಯ ಅಂಗಡಿಗಳೂ ಬಾಗಿಲು ಹಾಕುತ್ತವೆ. ಮತ್ತೆ ದಕ್ಷಿಣ ಗೋಳಾರ್ಧದ ಊರುಗಳಲ್ಲಿ ಕಾಲ ತಿರುಗುಮುರುಗು ಎನ್ನುವುದು ನೆನಪಿರಲಿ. ಪೆರುವಿನ ಲಿಮಾದಲ್ಲಿ ಮಳೆ ಬರುವುದೇ ಅಪರೂಪ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಮಂಜು ಕವಿದ ಚಳಿಗಾಲ, ಬಿಸಿಲು ಡಿಸೆಂಬರ್ ನಂತರ.

ಹಾಳೆಯಲ್ಲಿ ಜಡಿಮಳೆ, ನೆರೆ, ಚಂಡಮಾರುತದ ತಿಂಗಳಿಗೆ ಕೆಂಪು ಗುರುತು. ಕಾಯುವ ಮಳೆಯ ತಿಂಗಳಿಗೆ ಏನೂ ಹಾಕಬೇಡಿ, ಖಾಲಿ ಬಿಡಿ.

ಹಂತ 4: ಸೆಕೆ, ಹೊಗೆ

ಉಷ್ಣಾಂಶ ಒಂದನ್ನೇ ನೋಡಿದರೆ ಮೋಸ ಹೋಗುತ್ತೀರಿ. 34 ಡಿಗ್ರಿಯ ಒಣ ಬಿಸಿಲಲ್ಲಿ ನೆರಳಿಗೆ ಬಂದರೆ ಹಾಯೆನಿಸುತ್ತದೆ. ತೇವ ತುಂಬಿದ 31 ಡಿಗ್ರಿಯಲ್ಲಿ ಬೆವರು ಆರುವುದೇ ಇಲ್ಲ. ಕೋಷ್ಟಕದಲ್ಲಿ ಇಬ್ಬನಿ ಬಿಂದು (dew point) ಎಂಬ, ಗಾಳಿಯಲ್ಲಿ ತೇವ ಎಷ್ಟಿದೆ ಎಂದು ತೋರಿಸುವ ಅಂಕಿ ಸಿಕ್ಕರೆ ಅದನ್ನು ನೋಡಿ. ಅದು 24 ಡಿಗ್ರಿ ದಾಟಿದರೆ ಹೆಚ್ಚಿನವರಿಗೆ ಬಿಸಿ ಒಲೆಯ ಪಕ್ಕ ನಿಲ್ಲುವುದು ಕಷ್ಟ. ಎರಡು ತಟ್ಟೆ ತಿನ್ನುವಷ್ಟರಲ್ಲಿ ಸಾಕಾಗಿ ಹೋಗುತ್ತದೆ. ತಿನ್ನಲೆಂದೇ ಹೋದವರಿಗೆ ಅದಕ್ಕಿಂತ ನಷ್ಟ ಇದೆಯೇ?

ಸೆಕೆಗೂ ಹೊಟ್ಟೆ ಕೆಡುವುದಕ್ಕೂ ನೇರ ಸಂಬಂಧ ಇದೆ. 5ರಿಂದ 60 ಡಿಗ್ರಿ ನಡುವೆ ಆಹಾರದಲ್ಲಿ ರೋಗಾಣು ಬೇಗ ಬೆಳೆಯುತ್ತವೆ. ಬೇಯಿಸಿದ್ದನ್ನು ಹೊರಗೆ ಎರಡು ಗಂಟೆಗಿಂತ ಜಾಸ್ತಿ ಇಡಬಾರದು ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. 32 ಡಿಗ್ರಿ ದಾಟಿದ ದಿನಗಳಲ್ಲಿ ಅದನ್ನು ಒಂದು ಗಂಟೆ ಎಂದುಕೊಳ್ಳಿ. ಕಡು ಬೇಸಿಗೆಯಲ್ಲೇ ಹೋಗಬೇಕಾಗಿ ಬಂದರೆ ಪಟ್ಟಿಯಿಂದ ಕತ್ತರಿಸಿಟ್ಟ ಹಣ್ಣು, ಹಸಿ ಮೀನು, ಮೊದಲೇ ಮಾಡಿಟ್ಟ ಚಟ್ನಿ ತೆಗೆದುಬಿಡಿ. ಕಣ್ಣೆದುರು ಬೇಯುವುದು, ಹುರಿಯುವುದು ಇರಲಿ.

ಹೊಗೆಯ ವಿಷಯ ಬಹಳ ಜನ ಮರೆಯುತ್ತಾರೆ. ಉತ್ತರ ಥಾಯ್ಲೆಂಡಿನ ಚಿಯಾಂಗ್ ಮಾಯ್‌ನಲ್ಲಿ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಹೊಲ, ಕಾಡು ಸುಡುವ ಹೊಗೆ ಕವಿಯುತ್ತದೆ. ಮಳೆಯ ಕೋಷ್ಟಕದಲ್ಲಿ ಅದೇ ತಿಂಗಳು ‘ಒಣ ಹವೆ, ಅತ್ಯುತ್ತಮ’ ಎಂದು ಕಾಣುತ್ತದೆ! ದೆಹಲಿಯಲ್ಲಿ ನವೆಂಬರ್‌ನಿಂದ ಜನವರಿವರೆಗೆ ಗಾಳಿ ಕೆಡುತ್ತದೆ. ದೌಲತ್ ಕಿ ಚಾಟ್ ಕೂಡ ಬೇಕು, ಉಸಿರಾಟದ ತೊಂದರೆಯೂ ಇದೆ ಎನ್ನುವವರು ಫೆಬ್ರವರಿ ಶುರುವಿನ ವಾರಗಳನ್ನು ನೋಡಿ. ಚಳಿ ಇನ್ನೂ ಉಳಿದಿರುತ್ತದೆ, ಗಾಳಿ ಸ್ವಲ್ಪ ತಿಳಿಯಾಗುತ್ತಾ ಬರುತ್ತದೆ.

ಹಂತ 5: ಹಬ್ಬಗಳನ್ನು ಮೂರು ಗುಂಪು ಮಾಡಿ

‘ಹಬ್ಬದಲ್ಲಿ ಹೋದರೆ ತಿಂಡಿ ಜಾಸ್ತಿ’ ಎಂದು ನಾನೂ ನಂಬಿದ್ದೆ. ಹಾಗೆ ನಂಬಿ ಹನೋಯ್‌ಗೆ ಟೆಟ್ ಹಬ್ಬದ ಮೊದಲ ದಿನವೇ ಇಳಿದೆ. ಟೆಟ್ ಎಂದರೆ ಅವರ ಚಾಂದ್ರಮಾನ ಹೊಸ ವರ್ಷ. ಬೀದಿಗಳು ಗುಡಿಸಿಟ್ಟ ಅಂಗಳದ ಹಾಗಿದ್ದವು. ಕಬ್ಬಿಣದ ಬಾಗಿಲುಗಳೆಲ್ಲ ಕೆಳಗೆ ಎಳೆದಿದ್ದವು. ಸಾರಿನ ಹಂಡೆ ಕುದಿಯುವ ಮೂಲೆಯಲ್ಲಿ ಮಗುಚಿಟ್ಟ ಪುಟ್ಟ ಪ್ಲಾಸ್ಟಿಕ್ ಸ್ಟೂಲುಗಳ ರಾಶಿ ಮಾತ್ರ ಇತ್ತು. ಬೀದಿಯಲ್ಲಿ ಮಾರುವವರಲ್ಲಿ ಬಹಳಷ್ಟು ಜನ ಹಳ್ಳಿಗಳಿಂದ ಬಂದವರು, ಹಬ್ಬಕ್ಕೆ ಮನೆಗೆ ಹೋಗಿರುತ್ತಾರೆ. ಮೂರು ದಿನ ಬಿಸ್ಕತ್ತು, ಪೊಟ್ಟಣದ ನೂಡಲ್ಸ್ ತಿಂದೆ. ಆಮೇಲಿಂದ ಈ ಹಂತವನ್ನು ಎಂದೂ ಬಿಟ್ಟಿಲ್ಲ.

ಒಂದನೇ ಗುಂಪು, ಅಂಗಡಿ ಮುಚ್ಚಿಸುವ ಹಬ್ಬ. ಚೀನೀ ಹೊಸ ವರ್ಷ ಮತ್ತು ಟೆಟ್ ಇದರಲ್ಲಿ ಮುಖ್ಯ. ಜನವರಿ 21ರಿಂದ ಫೆಬ್ರವರಿ 20ರ ನಡುವೆ ಬರುತ್ತವೆ. 2027ರಲ್ಲಿ ಫೆಬ್ರವರಿ 6, 2028ರಲ್ಲಿ ಜನವರಿ 26. ಹಬ್ಬದ ಹಿಂದಿನ ಎರಡು ಮೂರು ದಿನದಿಂದ ಶುರು ಮಾಡಿ ನಂತರದ ಒಂದು ವಾರದವರೆಗೆ ಕೆಂಪು ಗುರುತು ಹಾಕಿ. ಚೀನೀ ಮೂಲದವರು ಹೆಚ್ಚು ಅಂಗಡಿ ನಡೆಸುವ ಪೆನಾಂಗ್, ಸಿಂಗಪುರಕ್ಕೂ ಇದು ಅನ್ವಯ. ಥಾಯ್ಲೆಂಡಿನ ಹೊಸ ವರ್ಷದ ಹಬ್ಬ ಸೋಂಗ್‌ಕ್ರಾನ್ ಏಪ್ರಿಲ್ 13ರಿಂದ 15. ಆಗಲೂ ಬಹಳ ಮಂದಿ ಮಾರುವವರು ಊರಿಗೆ ಹೋಗುತ್ತಾರೆ.

ಎರಡನೇ ಗುಂಪು, ಗಂಟೆ ಬದಲಿಸುವ ಹಬ್ಬ. ರಂಜಾನ್ ತಿಂಗಳಲ್ಲಿ ಕೈರೋ, ಮರ್ರಾಕೆಶ್‌ನಂಥ ಊರುಗಳಲ್ಲಿ ಹಗಲು ಬೀದಿ ತಿಂಡಿ ಸಿಗುವುದು ಕಷ್ಟ. ಸೂರ್ಯ ಮುಳುಗಿದ ಮೇಲೆ ಅದೇ ಬೀದಿ ಕಿಕ್ಕಿರಿಯುತ್ತದೆ. ಕೌಲಾಲಂಪುರದಲ್ಲಿ ರಂಜಾನ್ ಬಜಾರುಗಳು ಮಧ್ಯಾಹ್ನವೇ ತೆರೆಯುತ್ತವೆ, ಜನ ಕಟ್ಟಿಸಿಕೊಂಡು ಹೋಗುತ್ತಾರೆ. ಉಪವಾಸ ಇರುವವರ ಎದುರು ಹಗಲಲ್ಲಿ ಬೀದಿಯಲ್ಲಿ ನಿಂತು ತಿನ್ನಬೇಡಿ. ಕೆಲವು ದೇಶಗಳಲ್ಲಿ ಕಾನೂನಿನ ತೊಡಕೂ ಆಗಬಹುದು. ರಾತ್ರಿ ತಿರುಗುವ ಅಭ್ಯಾಸ ಇದ್ದವರಿಗೆ ನಾನಂತೂ ರಂಜಾನನ್ನೇ ಹೇಳುತ್ತೇನೆ. ರಂಜಾನ್ ಪ್ರತಿ ವರ್ಷ 10ರಿಂದ 11 ದಿನ ಹಿಂದಕ್ಕೆ ಸರಿಯುತ್ತದೆ. 2027ರಲ್ಲಿ ಫೆಬ್ರವರಿ 8ರ ಸುಮಾರಿಗೆ, 2028ರಲ್ಲಿ ಜನವರಿ 28ರ ಸುಮಾರಿಗೆ ಶುರು. ಚಂದ್ರ ಕಂಡ ಮೇಲೆ ಒಂದು ದಿನ ಆಚೀಚೆ ಆಗುತ್ತದೆ. ಹಳೆಯ ವರ್ಷದ ದಿನಾಂಕ ನೋಡಿ ಟಿಕೆಟ್ ತೆಗೆಸಿದವರು ಒಬ್ಬಿಬ್ಬರಲ್ಲ.

ಮೂರನೇ ಗುಂಪು, ತಿಂಡಿ ಹೆಚ್ಚಿಸುವ ಹಬ್ಬ. ಥಾಯ್ಲೆಂಡಿನ ಫುಕೆಟ್‌ನ ಸಸ್ಯಾಹಾರ ಹಬ್ಬ ಒಂಬತ್ತು ದಿನ ನಡೆಯುತ್ತದೆ, ಸೆಪ್ಟೆಂಬರ್ ಕೊನೆ ಅಥವಾ ಅಕ್ಟೋಬರ್‌ನಲ್ಲಿ. ಹಳದಿ ಬಾವುಟ ಕಟ್ಟಿದ ಗಾಡಿಗಳಲ್ಲಿ ಮಾಂಸ, ಮೊಟ್ಟೆ, ಹಾಲು ಯಾವುದೂ ಇರುವುದಿಲ್ಲ, ಬೆಳ್ಳುಳ್ಳಿ, ಈರುಳ್ಳಿಯೂ ಇಲ್ಲ. ಉಳಿದ ದಿನ ಅಲ್ಲಿ ಮೀನಿನ ಸಾಸ್ ಇಲ್ಲದ ತಿಂಡಿ ಹುಡುಕಿ ಸುಸ್ತಾಗುವ ಸಸ್ಯಾಹಾರಿಗಳಿಗೆ ಇದು ಚಿನ್ನದಂಥ ವಾರ. ಮಳೆ ಇದ್ದರೂ ಹೋಗಿ.

ಹಂತ 6: ವಾರದ ರಜೆ

ಇದು ಚಿಕ್ಕ ಹಂತ, ಆದರೆ ಬಿಡಬೇಡಿ. ಬ್ಯಾಂಕಾಕ್‌ನಲ್ಲಿ ಸೋಮವಾರ ಬಹಳ ಕಡೆ ಪಾದಚಾರಿ ಮಾರ್ಗದ ಗಾಡಿಗಳು ಇರುವುದಿಲ್ಲ. ಬೀದಿ ತಿಂಡಿ ಅಂಗಡಿಗಳನ್ನು ಒಂದೇ ಸೂರಿನಡಿ ಸೇರಿಸಿರುವ ಸಿಂಗಪುರದ ಹಾಕರ್ ಸೆಂಟರ್‌ಗಳು ಸ್ವಚ್ಛತೆಗೆಂದು ಆಗಾಗ ಕೆಲವು ದಿನ ಮುಚ್ಚುತ್ತವೆ, ಆ ದಿನಾಂಕಗಳನ್ನು ಅಲ್ಲಿನ ಪರಿಸರ ಇಲಾಖೆ ಮೊದಲೇ ಪ್ರಕಟಿಸುತ್ತದೆ. ನಾಲ್ಕು ದಿನದ ಪ್ರವಾಸದಲ್ಲಿ ಇಂಥ ಒಂದು ದಿನ ಬಿದ್ದರೆ ಕಾಲು ಭಾಗ ಹೋದಂತೆ, ಅಲ್ವಾ?

ಹಂತ 7: ಅಂಚಿನ ವಾರಗಳನ್ನು ಹುಡುಕಿ

ಜನ ತುಂಬಿದ ವಾರಗಳಲ್ಲಿ ಒಳ್ಳೆಯ ಗಾಡಿಯ ಮುಂದೆ ಸಾಲು ಉದ್ದ, ಸಾಮಾನು ಬೇಗ ಖಾಲಿ. ತೀರಾ ಜನ ಇಲ್ಲದ ವಾರಗಳೂ ಬೇಡ. ಗಿರಾಕಿ ಇಲ್ಲದಿದ್ದರೆ ಕರಿದದ್ದು ಬುಟ್ಟಿಯಲ್ಲೇ ಆರುತ್ತದೆ, ಹಳಸುತ್ತದೆ. ಜನ ಸುರುವಾಗುವ ಮುಂಚಿನ ಎರಡು ಮೂರು ವಾರ, ಅಥವಾ ಮುಗಿದ ಕೂಡಲೇ ಬರುವ ಎರಡು ವಾರ ಹಿಡಿಯಿರಿ. ಜಪಾನಿಗೆ ಹೋಗುವವರು ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರದವರೆಗಿನ ‘ಗೋಲ್ಡನ್ ವೀಕ್’ ಎಂಬ ಸಾಲು ರಜೆಯ ದಿನಗಳನ್ನು ಬಿಟ್ಟು ಮೇ ಎರಡನೇ ವಾರಕ್ಕೆ ಹೋದರೆ ಹವೆ ಅದೇ, ಜನ ಕಡಿಮೆ.

ಹಂತ 8: ಹಾಳೆಯ ಮೇಲೆ ತೀರ್ಮಾನ

ಮೊದಲು ಕೆಂಪು ಬಿದ್ದ ವಾರಗಳನ್ನು ಅಡ್ಡಗೆರೆ ಎಳೆದು ತೆಗೆಯಿರಿ. ಹಸಿರು ಗುರುತು ಎಣಿಸುವ ಕೆಲಸ ಆಮೇಲೆ. ಎಷ್ಟು ಹಸಿರು ಇದ್ದರೂ ಒಂದು ದೊಡ್ಡ ಕೆಂಪು ಇದ್ದರೆ ಆ ವಾರ ಬೇಡ. ನಾನು ಟೆಟ್ ದಿನ ಹೋದಾಗ ಹವೆ, ವಿಮಾನ, ರೂಮು ಎಲ್ಲ ಹಸಿರೇ ಆಗಿತ್ತು.

ಹನೋಯ್ ಹಾಳೆಯನ್ನೇ ಮಾಡಿ ನೋಡೋಣ. ಬೇಕಾದದ್ದು ಫೋ, ಬುನ್ ಚಾ, ಕೋಮ್. ಕೋಮ್‌ಗಾಗಿ ಸೆಪ್ಟೆಂಬರ್‌ನಿಂದ ನವೆಂಬರ್ ಹಸಿರು. ಜೂನ್‌ನಿಂದ ಆಗಸ್ಟ್ ಸೆಕೆ, ಜೋರು ಮಳೆ, ಹೊಡೆದು ಹಾಕಿ. ಜನವರಿ ಕೊನೆ, ಫೆಬ್ರವರಿಯಲ್ಲಿ ಟೆಟ್, ಕೆಂಪು. ಫೆಬ್ರವರಿ, ಮಾರ್ಚ್‌ನಲ್ಲಿ ದಿನಗಟ್ಟಲೆ ತುಂತುರು, ಬಟ್ಟೆಯೇ ಒಣಗುವುದಿಲ್ಲ. ಸೆಪ್ಟೆಂಬರ್‌ನಲ್ಲಿ ಇನ್ನೂ ಮಳೆಯ ಬಾಲ ಇರುತ್ತದೆ. ಉಳಿದದ್ದು ಅಕ್ಟೋಬರ್ ಮಧ್ಯದಿಂದ ನವೆಂಬರ್ ಮಧ್ಯದವರೆಗೆ: ಸರಾಸರಿ 25 ಡಿಗ್ರಿಯ ಆಸುಪಾಸು, ಒಣ ಹವೆ, ಕೋಮ್ ಕೂಡ ಸಿಗುವ ಕಾಲ. ಹಾಳೆ ಹಿಡಿದು ಕೂತರೆ ಒಂದು ಸಂಜೆಯ ಕೆಲಸ ಇದು.

ಹಂತ 9: ಟಿಕೆಟ್ ಮತ್ತು ಕೊನೆಯ ಪರೀಕ್ಷೆ

ಈಗ ಟಿಕೆಟ್. ಕನಿಷ್ಠ ಐದು ರಾತ್ರಿ ಇಟ್ಟುಕೊಳ್ಳಿ. ಒಂದು ಸಂಜೆ ಮಳೆಗೆ ಹೋದರೂ ನಾಲ್ಕು ಉಳಿಯುತ್ತವೆ. ಟೈಫಾಯ್ಡ್ ಲಸಿಕೆ ಬೇಕೇ ಎಂದು ವೈದ್ಯರನ್ನು ಕೇಳಿ. ಬೇಕಿದ್ದರೆ ಹೊರಡುವ ಎರಡು ವಾರ ಮೊದಲೇ ಚುಚ್ಚಿಸಿಕೊಳ್ಳಬೇಕು, ಇಲ್ಲದಿದ್ದರೆ ಅದು ಕೆಲಸ ಮಾಡುವಷ್ಟರಲ್ಲಿ ನೀವು ವಾಪಸ್ ಬಂದಿರುತ್ತೀರಿ.

ಹವಾಮಾನ ಮುನ್ಸೂಚನೆಯನ್ನು ಒಂದು ತಿಂಗಳ ಮೊದಲಿನಿಂದ ದಿನಾ ನೋಡಿ ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ಹತ್ತು ದಿನದಾಚೆಯದು ನಂಬುವಂಥದ್ದಲ್ಲ. ಅದರ ಬದಲು ಹೊರಡುವ ಹಿಂದಿನ ವಾರ ಆ ಬೀದಿಯ ಹೊಸ ಫೋಟೋ, ವಿಡಿಯೋ ಹುಡುಕಿ. ರಸ್ತೆ ಅಗೆದಿದ್ದಾರೆಯೇ, ಗಾಡಿಗಳನ್ನು ಎತ್ತಂಗಡಿ ಮಾಡಿದ್ದಾರೆಯೇ ಎನ್ನುವುದು ಅಲ್ಲೇ ತಿಳಿಯುತ್ತದೆ.

ತಲುಪಿದ ಮೇಲೆ ಗಮನಿಸಬೇಕಾದ ಅಪಾಯದ ಗುರುತುಗಳು

ಎಷ್ಟೇ ಸರಿಯಾದ ತಿಂಗಳು ಆರಿಸಿದರೂ ಒಂದೆರಡು ದಿನ ಕೈ ಕೊಡುತ್ತವೆ. ಬೀದಿಯಲ್ಲಿ ನೆರೆ ನೀರು ನಿಂತು ಇಳಿದಿದ್ದರೆ ಅಂದು ಆ ಸಾಲಿನಲ್ಲಿ ತಿನ್ನಬೇಡಿ. ಚರಂಡಿ ನೀರು ಎಲ್ಲೆಲ್ಲಿ ಹೊಕ್ಕಿದೆಯೋ ಹೇಳಲಾಗದು. ರಾತ್ರಿ ಬಹಳ ಹೊತ್ತು ಕರೆಂಟ್ ಹೋಗಿದ್ದರೆ ಮರುದಿನ ಮಾಂಸ, ಮೀನು, ಹಾಲಿನ ತಿಂಡಿ ಬಿಡಿ. ಊಟದ ಹೊತ್ತಿನಲ್ಲೂ ಸ್ಥಳೀಯರು ಯಾರೂ ನಿಲ್ಲದ ಗಾಡಿ, ಕಪ್ಪಗೆ ನೊರೆ ಬರುವ ಎಣ್ಣೆ, ಒಂದೇ ಬಕೆಟ್ ನೀರಿನಲ್ಲಿ ಅದ್ದಿ ತೆಗೆಯುವ ತಟ್ಟೆ ಕಂಡರೆ ಮುಂದೆ ನಡೆಯಿರಿ.

ಹೊಟ್ಟೆ ಕೆಟ್ಟರೆ ಓಆರ್‌ಎಸ್ ಪೊಟ್ಟಣ ಕಲಸಿ ಕುಡಿಯಿರಿ. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಮಟ್ಟ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಈ ಅಳತೆ ಮೀರಬೇಡಿ. ಜ್ವರ ಬಂದರೆ, ಮಲದಲ್ಲಿ ರಕ್ತ ಕಂಡರೆ, ಕುಡಿದ ನೀರೂ ನಿಲ್ಲದಿದ್ದರೆ ಆ ದಿನವೇ ವೈದ್ಯರ ಬಳಿ ಹೋಗಿ.

ಮಳೆ ಹಿಡಿದ ಸಂಜೆಗೆ ಸೂರಿರುವ ಒಂದು ತಿಂಡಿ ಮಾರುಕಟ್ಟೆಯ ಹೆಸರು ಮೊದಲೇ ಬರೆದಿಟ್ಟುಕೊಳ್ಳಿ. ರೂಮಿನಿಂದ ಅಲ್ಲಿಗೆ ನಡೆದು ಹೋಗುವಂತಿರಲಿ, ಮಳೆಯಲ್ಲಿ ಟ್ಯಾಕ್ಸಿ ಸಿಗುವುದಿಲ್ಲ. ಅಲ್ಲಿಗೂ ಹೋಗಲಾಗದಿದ್ದರೆ ಹತ್ತಿರದ ಸೂರಿನ ಕೆಳಗೆ ನಿಂತು ಎದುರಿನ ಗಾಡಿಯನ್ನು ನೋಡುತ್ತಿರಿ. ಪ್ಲಾಸ್ಟಿಕ್ ಹಾಳೆ ಬಿಚ್ಚಿ ಒಲೆ ಹೊತ್ತಿಸಿದ ಕೂಡಲೇ ಹೋಗಿ. ಮಳೆಗೆ ಮುಂಚೆ ಕರಿದು ಉಳಿದದ್ದನ್ನು ಕೊಡಲು ಬಂದರೆ ಬೇಡ ಎನ್ನಿ, ಹೊಸದಾಗಿ ಮಾಡಿದ್ದನ್ನೇ ಕೇಳಿ.